ಪಿಕಪ್ ಹೋದದ್ದೆಲ್ಲಿ?

ಕಾರು ಕೊಂಡು ಐದಾರು ವರ್ಷ ಆಗುತ್ತಿದ್ದಂತೆ ಬಹಳ ಜನರದು ಒಂದೇ ದೂರು: ‘ಮೊದಲಿನ ಪಿಕಪ್ ಇಲ್ಲ ಮಾರಾಯ್ರೆ.’ ಆಕ್ಸಿಲರೇಟರ್ ತುಳಿದರೆ ಗಾಡಿ ಒಂದು ಗಳಿಗೆ ಯೋಚಿಸುತ್ತದೆ, ಆಮೇಲೆ ಹೊರಡುತ್ತದೆ. ಈ ಕಾಯಿಲೆಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಸಾಲಿನಲ್ಲೂ ಆನ್‌ಲೈನ್ ಮಾರುಕಟ್ಟೆಯಲ್ಲೂ ಮದ್ದಿಗೇನೂ ಬರವಿಲ್ಲ. ಪೆಡಲಿಗೆ ಸಿಕ್ಕಿಸುವ ಬೂಸ್ಟರ್ ಪೆಟ್ಟಿಗೆ, ಎಣ್ಣೆ ಸವರಿದ ಕೋನ್ ಫಿಲ್ಟರ್, ಥ್ರಾಟಲ್ ಸ್ಪೇಸರ್, ಹೀಗೆ. ನನ್ನ ಮಟ್ಟಿಗೆ ಇವುಗಳಲ್ಲಿ ಹೆಚ್ಚಿನವು ದಂಡದ ಖರ್ಚು. ಹೋದ ಪಿಕಪ್ ಬಹುತೇಕ ಕಾರಿನೊಳಗೇ ಇರುತ್ತದೆ, ಕೊಳೆಯ ಅಡಿಯಲ್ಲೋ ಸಡಿಲಾದ ಕೇಬಲಿನಲ್ಲೋ. ಅದನ್ನು ಹೊರತೆಗೆಯಲು ಒಂದು ಸ್ಕ್ರೂಡ್ರೈವರ್, ಹತ್ತರ ಸ್ಪ್ಯಾನರ್, ಒಂದಿಷ್ಟು ಬನಿಯನ್ ಬಟ್ಟೆ ಇದ್ದರೆ ಭಾನುವಾರದ ಬೆಳಗು ಸಾಕು.

ಬಾನೆಟ್ ಎತ್ತುವ ಮೊದಲು ಕಾಲಬುಡ ನೋಡಬೇಕು. ಕಂಪನಿ ಕೊಟ್ಟ ಮ್ಯಾಟಿನ ಮೇಲೆ ದಪ್ಪದ ಇನ್ನೊಂದು ಮ್ಯಾಟು, ಅದರ ಮೇಲೆ ಮಳೆಗಾಲಕ್ಕೆಂದು ಹಾಕಿದ ಪ್ಲಾಸ್ಟಿಕ್ ಹಾಳೆ. ಪೆಡಲ್ ಪೂರ್ತಿ ಕೆಳಗೆ ಇಳಿಯುವುದೇ ಇಲ್ಲ, ಮುಕ್ಕಾಲಿಗೇ ನಿಲ್ಲುತ್ತದೆ. ಆಮೇಲೆ ಎಂಜಿನ್ನನ್ನು ಬೈದು ಏನು ಬಂತು? ಇದು ತಮಾಷೆಯ ಮಾತಲ್ಲ. 2009ರಲ್ಲಿ ಅಮೆರಿಕದಲ್ಲಿ ಟೊಯೋಟಾ ಕಂಪನಿ ಸುಮಾರು 38 ಲಕ್ಷ ಕಾರುಗಳಿಗೆ ರೀಕಾಲ್ ಘೋಷಿಸಿದ್ದು ಮ್ಯಾಟಿನ ಕಾರಣಕ್ಕೇ. ಅಲ್ಲಿ ಆಗಿದ್ದು ತಿರುಗುಮುರುಗು: ಜಾರಿದ ಮ್ಯಾಟಿಗೆ ಪೆಡಲ್ ಸಿಕ್ಕಿಕೊಂಡು ಮೇಲೇಳದೆ ಹೋಗುವ ಅಪಾಯ.

ನಂತರದ್ದು ಏರ್ ಫಿಲ್ಟರ್. ಸಂಡೂರು, ಹೊಸಪೇಟೆ ಕಡೆ ಅದಿರು ಲಾರಿಗಳ ಹಿಂದೆ ಓಡಾಡುವ ಕಾರಿನ ಡಬ್ಬಿಯ ನಾಲ್ಕು ಕ್ಲಿಪ್ ಬಿಚ್ಚಿ ನೋಡಿ. ಬೆಳ್ಳಗಿದ್ದ ಕಾಗದದ ಮಡಿಕೆಗಳಲ್ಲಿ ಕೆಮ್ಮಣ್ಣು ತುಂಬಿರುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಮೈಲೇಜ್ ಬೀಳುತ್ತದೆ ಎಂಬುದು ಕಾರ್ಬುರೇಟರ್ ಕಾಲದಿಂದ ಬಂದ ನಂಬಿಕೆ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ ಇದನ್ನು ಪರೀಕ್ಷೆಗೆ ಹಚ್ಚಿದಾಗ ಬೇರೆಯೇ ಚಿತ್ರ ಕಂಡಿತು. ಕಂಪ್ಯೂಟರ್ ಹಿಡಿತದ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಕಟ್ಟಿದ ಫಿಲ್ಟರ್ ಬದಲಿಸಿದರೆ ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ; ಆದರೆ ವೇಗ ಹಿಡಿಯಲು ಬೇಕಾಗುವ ಸಮಯ ಶೇ 6ರಿಂದ 11ರಷ್ಟು ಸುಧಾರಿಸಬಹುದು. ಬರುವ ಗಾಳಿ ಕಡಿಮೆಯಾದರೆ ಕಂಪ್ಯೂಟರ್ ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ, ಹಾಗಾಗಿ ಜೇಬಿಗೆ ಗೊತ್ತಾಗುವುದಿಲ್ಲ, ಗೊತ್ತಾಗುವುದು ಕಾಲಿಗೆ. ಫಿಲ್ಟರನ್ನು ಪಂಕ್ಚರ್ ಅಂಗಡಿಗೆ ಒಯ್ದು ಜೋರು ಗಾಳಿ ಹೊಡೆಸುವ ಪದ್ಧತಿ ನಮ್ಮಲ್ಲಿದೆ. ಕಾಗದದಲ್ಲಿ ಸಣ್ಣ ಸೀಳು ಬಿದ್ದರೂ ಧೂಳು ನೇರ ಸಿಲಿಂಡರಿಗೆ. ಮೇಲಿನ ಧೂಳನ್ನು ಮೆಲ್ಲಗೆ ತಟ್ಟಿ ಉದುರಿಸಬಹುದು. ಕಪ್ಪಾದದ್ದನ್ನು ಎಸೆದು ಹೊಸತು ಹಾಕುವುದೇ ಸರಿ.

ಈಗ ನಿಜವಾದ ಜಾಗಕ್ಕೆ ಬರೋಣ. ಫಿಲ್ಟರ್ ಡಬ್ಬಿಯಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಪೈಪಿನ ಕ್ಲಿಪ್ ಸಡಿಲಿಸಿ ಪೈಪು ಎಳೆದರೆ ಥ್ರಾಟಲ್ ಬಾಡಿಯ ಬಾಯಿ ಕಾಣುತ್ತದೆ. ಸಣ್ಣ ಕಾರಿನಲ್ಲಿ ನಾಲ್ಕೈದು ಸೆಂಟಿಮೀಟರ್ ಅಗಲದ ಲೋಹದ ಬಿಲ್ಲೆಯೊಂದು ಬಾಗಿಲಿನಂತೆ ಮುಚ್ಚಿಕೊಂಡಿರುತ್ತದೆ. ನೀವು ಪೆಡಲ್ ಒತ್ತಿದಾಗ ತಿರುಗುವುದು ಅದೇ. ಅದರ ಅಂಚಿನ ಸುತ್ತ, ಒಳಗೋಡೆಗೆ ತಾಗುವ ಕಡೆ, ಕಪ್ಪು ಜಿಡ್ಡಿನ ಉಂಗುರ ಕಂಡರೆ ಕಳ್ಳ ಸಿಕ್ಕ ಹಾಗೆ. ಎಂಜಿನ್ನಿನ ಕೆಳಭಾಗದಿಂದ ಏಳುವ ಎಣ್ಣೆಯ ಆವಿಯನ್ನು ಬ್ರೀದರ್ ಪೈಪು ಮತ್ತೆ ಗಾಳಿಯ ದಾರಿಗೇ ತಂದು ಬಿಡುತ್ತದೆ. ವರ್ಷಗಟ್ಟಲೆ ಆ ಆವಿ ಧೂಳಿನೊಂದಿಗೆ ಕೂಡಿ ಅಲ್ಲಿ ಗಟ್ಟಿಯಾಗುತ್ತದೆ. ಐಡಲಿನಲ್ಲಿ ಎಂಜಿನ್ ಉಸಿರಾಡುವುದು ಬಿಲ್ಲೆಯ ಅಂಚಿನ ಕೂದಲೆಳೆಯಷ್ಟು ಸಂದಿನಿಂದ. ಆ ಸಂದೇ ಮುಚ್ಚಿದರೆ ಐಡಲ್ ನಡುಗುತ್ತದೆ. ಬಿಲ್ಲೆ ಅಂಟಿನಲ್ಲಿ ಕೂತಿರುವುದರಿಂದ ಮೆಲ್ಲಗೆ ಒತ್ತಿದರೆ ಜಗ್ಗುವುದಿಲ್ಲ, ಇನ್ನೊಂಚೂರು ಒತ್ತಿದರೆ ಅಂಟು ಬಿಟ್ಟು ಕಾರು ಎಗರುತ್ತದೆ. ಸಿಗ್ನಲ್ಲಿನಲ್ಲಿ ಮುಂದಿನ ಬಂಪರಿಗೆ ಮುತ್ತಿಡುವ ಕಾರುಗಳಲ್ಲಿ ಕೆಲವಕ್ಕಾದರೂ ಈ ರೋಗ ಇದ್ದೀತು.

ಒರೆಸುವುದು ಕಷ್ಟವಲ್ಲ. ಎಂಜಿನ್ ತಣ್ಣಗಿರಬೇಕು, ಕೀ ತೆಗೆದಿರಬೇಕು. ಥ್ರಾಟಲ್ ಬಾಡಿಗೆಂದೇ ಬರುವ ಕ್ಲೀನರನ್ನು ಬಟ್ಟೆಗೆ ಸಿಂಪಡಿಸಿ ಅಂಚನ್ನೂ ಗೋಡೆಯನ್ನೂ ಒರೆಸಬೇಕು. ಡಬ್ಬಿಯಿಂದ ಒಳಕ್ಕೇ ಸುರಿಯುವ ಆತುರ ಬೇಡ. ಹಳೇ ಕೇಬಲ್ ಕಾರಾದರೆ ಮನೆಯವರೊಬ್ಬರು ಪೆಡಲ್ ಒತ್ತಿ ಬಿಲ್ಲೆ ತೆರೆದು ಹಿಡಿಯಬಹುದು. ಮೋಟರಿನಿಂದ ತಿರುಗುವ ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಬಿಲ್ಲೆಯನ್ನು ಬೆರಳಿನಿಂದ ಒತ್ತಾಯಿಸಿ ತಿರುಗಿಸಬೇಡಿ. ಒಳಗೆ ಸಣ್ಣ ಹಲ್ಲಿನ ಗೇರುಗಳಿರುತ್ತವೆ; ಮುರಿದರೆ ಇಡೀ ಜೋಡಣೆಯನ್ನೇ ಬದಲಿಸುವ ಪಾಡು. ಒರೆಸಿದ ಮೇಲೆ ಐಡಲ್ ಮೊದಲಿಗಿಂತ ಜೋರಾದರೆ ಗಾಬರಿ ಬೇಡ. ಜಿಡ್ಡಿಗೆ ಸರಿದೂಗಿಸಲು ಬಾಗಿಲನ್ನು ತುಸು ಹೆಚ್ಚು ತೆರೆಯುವುದನ್ನು ಕಂಪ್ಯೂಟರ್ ಕಲಿತುಕೊಂಡಿರುತ್ತದೆ. ಸ್ವಲ್ಪ ಓಡಿಸಿದರೆ ಮರಳಿ ಕಲಿಯುತ್ತದೆ, ಇಲ್ಲವಾದರೆ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ಸರಿಮಾಡುತ್ತಾನೆ.

ಮಾರುತಿ 800ರಂಥ ಕೇಬಲ್ ಕಾರು ಇನ್ನೂ ಇಟ್ಟುಕೊಂಡವರಿಗೆ ಒಂದು ಹೆಚ್ಚಿನ ಭಾಗ್ಯವಿದೆ. ಕೇಬಲ್ ಎಳೆದು ಎಳೆದು ಜೋಲುತ್ತದೆ. ಪೆಡಲಿನ ಮೊದಲ ಬೆರಳಗಲ ಬರೀ ಜೋಲನ್ನು ಬಿಗಿಮಾಡುವುದರಲ್ಲೇ ಕಳೆದುಹೋಗುತ್ತದೆ. ಥ್ರಾಟಲ್ ತುದಿಯಲ್ಲಿರುವ ಎರಡು ನಟ್ಟುಗಳನ್ನು ಹೊಂದಿಸಿದರೆ ಅದು ಹೋಗುತ್ತದೆ. ಕೆಲವು ಮಿಲಿಮೀಟರ್ ಆಟ ಮಾತ್ರ ಬಿಡಲೇಬೇಕು. ಪೂರ್ತಿ ಬಿಗಿದರೆ ಐಡಲ್ ಏರಿ ಗಾಡಿ ತಾನಾಗಿ ಕೂಗುತ್ತದೆ. ಕೊಟ್ಟ ಹತ್ತು ನಿಮಿಷಕ್ಕೆ ಇಷ್ಟು ಫಲ ಕೊಡುವ ಇನ್ನೊಂದು ಕೆಲಸ ನನಗೆ ಗೊತ್ತಿಲ್ಲ. ಪ್ಲಗ್‌ಗಳ ಮಾತು ಚಿಕ್ಕದು: ಕಂಪನಿ ಪುಸ್ತಕ ಹೇಳಿದ ಕಿಲೋಮೀಟರಿಗೆ ಬದಲಿಸಿ, ಅಷ್ಟೇ.

ಇನ್ನು ಆ ಬೂಸ್ಟರ್ ಪೆಟ್ಟಿಗೆ. ಈಗಿನ ಕಾರುಗಳಲ್ಲಿ ಕಾಲಿಗೂ ಎಂಜಿನ್ನಿಗೂ ನಡುವೆ ಕೇಬಲ್ ಇಲ್ಲ. ಪೆಡಲಿನ ಸೆನ್ಸರುಗಳು ಎಷ್ಟು ಒತ್ತಿದಿರಿ ಎಂದು ಕಂಪ್ಯೂಟರಿಗೆ ತಿಳಿಸುತ್ತವೆ, ಬಿಲ್ಲೆಯನ್ನು ಎಷ್ಟು ತೆರೆಯಬೇಕೆಂದು ಅದು ತೀರ್ಮಾನಿಸುತ್ತದೆ. ಹೊಗೆ ಮಿತಿಯಲ್ಲಿರಲಿ, ಜರ್ಕ್ ಹೊಡೆಯದಿರಲಿ ಎಂದು ಬೇಕೆಂದೇ ಸ್ವಲ್ಪ ಸಾವಧಾನ ಮಾಡುವುದೂ ಉಂಟು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ಬಂದ ಮೇಲಿನ ಕಾರುಗಳಲ್ಲಿ ಹೊಗೆಯ ಲೆಕ್ಕ ಇನ್ನೂ ಬಿಗಿ. ಪೆಟ್ಟಿಗೆ ನಡುವೆ ಕೂತು, ನೀವು ಕಾಲುಭಾಗ ಒತ್ತಿದರೆ ಅರ್ಧ ಒತ್ತಿದ್ದಾರೆ ಎಂದು ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ. ಗಡಿಯಾರವನ್ನು ಮುಂದಿಟ್ಟರೆ ಬಸ್ಸು ಬೇಗ ಬರುತ್ತದೆಯೇ? ಪೂರ್ತಿ ಒತ್ತಿದಾಗ ಸಿಗುವ ಶಕ್ತಿ ಪೆಟ್ಟಿಗೆ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ನಷ್ಟವಾಗುವುದು ಕಾಲಿನ ನಯ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಇಂಚಿಂಚು ತೆವಳುವಾಗ, ಆಷಾಢದ ಮಳೆಯಲ್ಲಿ ಚಾರ್ಮಾಡಿಯ ತಿರುವು ಹತ್ತುವಾಗ ಬೇಕಾಗುವುದು ಆ ನಯವೇ. ಕೋನ್ ಫಿಲ್ಟರ್ ಕೊಡುವುದು ಮುಖ್ಯವಾಗಿ ಸದ್ದು. ಸದ್ದು ಜಾಸ್ತಿಯಾದರೆ ವೇಗವೂ ಜಾಸ್ತಿಯಾಯಿತೆಂದು ಮನಸ್ಸು ನಂಬುತ್ತದೆ. ಡಬ್ಬಿ ತೆಗೆದು ಬಾನೆಟ್ಟಿನೊಳಗೆ ಬಯಲಿಗಿಟ್ಟರೆ ಅದು ಎಳೆದುಕೊಳ್ಳುವುದು ಎಂಜಿನ್ನಿನ ಬಿಸಿಗಾಳಿ. ಬಿಸಿಗಾಳಿ ತೆಳು, ಶಕ್ತಿ ಇನ್ನೂ ಕಡಿಮೆ. ಅದರ ಎಣ್ಣೆ ಗಾಳಿ ಅಳೆಯುವ ಸೆನ್ಸರಿಗೆ ಮೆತ್ತಿಕೊಂಡರೆ ಹೊಸ ತಲೆನೋವು.

ತೆಳು ಗಾಳಿ ಅಂದೆನಲ್ಲ, ಮಂಗಳೂರಿನವರು ಬೆಂಗಳೂರಿಗೆ ಬಂದು ‘ಇಲ್ಲಿ ಗಾಡಿ ಎಳೆಯುವುದಿಲ್ಲ’ ಎನ್ನುವುದರಲ್ಲಿ ನಿಜವಿದೆ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ. ಗಾಳಿಯ ಒತ್ತಡವೇ ಕರಾವಳಿಗಿಂತ ಸುಮಾರು ಶೇ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಪೆಟ್ರೋಲ್ ಕಾರಿಗೆ ಇದು ತಟ್ಟುತ್ತದೆ, ಯಾವ ಅಂಗಡಿಯಲ್ಲೂ ಇದಕ್ಕೆ ಮದ್ದಿಲ್ಲ.

ನಮ್ಮ ಚಾಲಕರ ಇನ್ನೊಂದು ಅಭ್ಯಾಸವನ್ನೂ ಹೇಳಬೇಕು. ಪೆಟ್ರೋಲ್ ಉಳಿಸುವ ಹುಮ್ಮಸ್ಸಿನಲ್ಲಿ 35 ಕಿ.ಮೀ. ವೇಗಕ್ಕೇ ಐದನೇ ಗೇರ್ ಹಾಕಿ, ಓವರ್‌ಟೇಕ್ ಮಾಡುವಾಗ ಅದೇ ಗೇರಿನಲ್ಲಿ ಪೆಡಲ್ ನೆಲಕ್ಕೆ ಅದುಮಿದರೆ ಯಾವ ಎಂಜಿನ್ ತಾನೇ ಏಳುತ್ತದೆ? ಟರ್ಬೊ ಡೀಸೆಲ್ ಆದರಂತೂ ಟರ್ಬೊಗೆ ಗಾಳಿ ತುಂಬುವ ತನಕ ಕಾಯಲೇಬೇಕು. ಎರಡು ಗೇರ್ ಇಳಿಸಿದರೆ ಅದೇ ಕಾರು ಬೇರೆ ಕಾರಾಗುತ್ತದೆ, ಖರ್ಚಿಲ್ಲದೆ.

ಕಾನೂನನ್ನೂ ಮರೆಯಬಾರದು. ಒರೆಸುವುದು, ಬಿಗಿಮಾಡುವುದು, ಕಂಪನಿಯದೇ ಫಿಲ್ಟರ್ ಹಾಕುವುದು ಸರ್ವಿಸ್. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡವಿದೆ, ಆರು ತಿಂಗಳವರೆಗಿನ ಜೈಲಿಗೂ ಅವಕಾಶವಿದೆ.

ಆದ್ದರಿಂದ ಬೂಸ್ಟರ್ ಪೆಟ್ಟಿಗೆಯನ್ನು ಕಾರ್ಟಿಗೆ ಹಾಕಿಕೊಂಡು ಕೂತವರಲ್ಲಿ ಒಂದು ವಿನಂತಿ: ದುಡ್ಡು ಕಟ್ಟುವ ಮುಂಚೆ ಮ್ಯಾಟ್ ತೆಗೆಯಿರಿ, ಫಿಲ್ಟರ್ ಬಿಚ್ಚಿ ನೋಡಿ, ಥ್ರಾಟಲ್ ಒರೆಸಿ ಒಂದು ವಾರ ಓಡಿಸಿ. ಆಮೇಲೂ ಬೇಕೆನಿಸಿದರೆ ಕೊಳ್ಳಿ.