ಛತ್ರದವನ ಪಾಲು

ಹತ್ತು ದಿನಕ್ಕೆಂದು ಬಂದು ಹೋಗುವವರ ಸೇವೆ ನಿಜವಾಗಿ ಸೇವೆಯೇ? ಹೈದರಾಬಾದಿನ ಕೋಠಿಯಲ್ಲಿ ವಾಸವಾಗಿರುವ ಬೀದರ ಕಡೆಯ ಕ್ರೈಸ್ತ ನಾನು. ಹೊರದೇಶದ ಒಂದು ಸಭೆಯಿಂದ ಎಂಟು ಜನ ಯುವಕ ಯುವತಿಯರು ಸೇವಾಯಾತ್ರೆಗೆಂದು ಇಲ್ಲಿಗೆ ಬಂದಾಗ ಅವರ ದುಭಾಷಿಯಾಗಿ ಓಡಾಡಿದ್ದೆ. ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಕೋಠಿ ಎಂದರೆ ದೊಡ್ಡ ಬಂಗಲೆ. ಬ್ರಿಟಿಷ್ ರೆಸಿಡೆಂಟರ ಬಂಗಲೆಯಿಂದ ಈ ಜಾಗಕ್ಕೆ ಆ ಹೆಸರು ಬಂತು. ಅಲ್ಲೀಗ ಮಹಿಳಾ ವಿಶ್ವವಿದ್ಯಾಲಯವಿದೆ. ಸುತ್ತ ಸುಲ್ತಾನ್ ಬಜಾರ್, ಹಳೆ ಪುಸ್ತಕದ ಅಂಗಡಿಗಳು, ಸರ್ಕಾರಿ ಆಸ್ಪತ್ರೆಗಳು. ಬೀದರ, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಗಡಿ ಬದಲಾಯಿತು, ರೂಢಿ ಬದಲಾಗಲಿಲ್ಲ. ದೊಡ್ಡ ಕಾಯಿಲೆ ಅಂದ್ರೆ ನಮ್ಮ ಕಡೆಯ ಎಷ್ಟೋ ಜನ ಇವತ್ತಿಗೂ ಇಲ್ಲಿಗೇ ಬಸ್ಸು ಹತ್ತುತ್ತಾರೆ.

ಹಾಗೆ ಬಂದಿದ್ದವರಲ್ಲಿ ಔರಾದ ಕಡೆಯ ಒಬ್ಬ ತಂದೆ, ಕಿವಿ ಕೇಳದ ಅವನ ಐದು ವರ್ಷದ ಮಗಳು ಇದ್ದರು. ನಮ್ಮ ಅತಿಥಿಗಳು ಹಣ ಕೂಡಿಸಿ ಮಗುವಿಗೆ ಕಿವಿ ಮಷೀನು ಕೊಡಿಸಿದರು. ಹಾಕಿದ ದಿನ ಆಟೋದ ಹಾರ್ನಿಗೆ ಅದು ಬೆಚ್ಚಿ ತಿರುಗಿತು. ಎಲ್ಲರೂ ಅತ್ತರು, ಪ್ರಾರ್ಥಿಸಿದರು. ಮೂರನೇ ದಿನ ವಿಮಾನ ಹತ್ತಿದರು.

ಆದರೆ ಮಷೀನಿಗೆ ಬ್ಯಾಟರಿ ಬೇಕು. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಒಳಗೆ ಕೂಡಿಸುವ ಅಚ್ಚು ಸಡಿಲಾಗುತ್ತದೆ, ಹೊಸ ಅಳತೆ ಕೊಡಬೇಕು. ಅಂದರೆ ಮತ್ತೆ ಮತ್ತೆ ಕೋಠಿಗೆ ಬರಬೇಕು. ಬಂದಾಗ ಉಳಿಯುವುದೆಲ್ಲಿ? ಹುಮನಾಬಾದ ಮೂಲದ ಆಯಾ ಒಬ್ಬಾಕೆ ತನ್ನ ಒಂದೇ ಕೋಣೆಯ ಮನೆಯಲ್ಲಿ ಅವರಿಗೆ ಚಾಪೆ ಹಾಸಿದಳು. ಆಕೆ ನಮ್ಮ ಸಭೆಯವಳಲ್ಲ, ನಮ್ಮ ಧರ್ಮದವಳೂ ಅಲ್ಲ. ಯಾಕವ್ವಾ ಈ ಉಸಾಬರಿ ಎಂದರೆ, "ಮತ್ತ ಆ ಕೂಸು ಎಲ್ಲಿ ಮಲಗಬೇಕ್ರಿ ಅಣ್ಣಾರ?" ಅಂದಳು.

ಲೂಕನ ಸುವಾರ್ತೆಯ ಒಳ್ಳೆಯ ಸಮಾರ್ಯದವನ ಕಥೆ ಕ್ರೈಸ್ತರಲ್ಲದವರಿಗೂ ಗೊತ್ತು. ನಾವು ಮರೆಯುವುದೇನೆಂದರೆ ಆತನೂ ದಾರಿಹೋಕ, ಪರಸ್ಥಳದವನು. ಗಾಯಾಳುವಿನ ಬಳಿ ಒಂದು ರಾತ್ರಿ ಇದ್ದು, ಮರುದಿನ ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಹೆಚ್ಚಿಗೆ ಖರ್ಚಾದರೆ ಮರಳಿ ಬಂದಾಗ ತೀರಿಸುತ್ತೇನೆಂದು ಹೇಳಿ ಹೊರಟುಹೋದ. ಅಲ್ಪಾವಧಿಯ ಸೇವೆಯನ್ನು ಹಳಿಯುವವರು ಈ ಕಥೆಯನ್ನೂ ಹಳಿಯಬೇಕಾದೀತು! ಹೊರಟದ್ದು ತಪ್ಪಲ್ಲ. ಹೊರಡುವ ಮುಂಚೆ ಛತ್ರದವನನ್ನು ಹುಡುಕಿದನಲ್ಲ, ಬಾಕಿ ತನ್ನದೆಂದು ಒಪ್ಪಿದನಲ್ಲ, ಅದು ಮುಖ್ಯ.

ಹಾಗಾದರೆ ವರ್ಷಗಟ್ಟಲೆ ಇದ್ದವರೇ ದೊಡ್ಡವರೇ? ಬಾಸೆಲ್ ಮಿಷನ್ನಿನ ಕಿಟ್ಟೆಲ್ 1853ರಲ್ಲಿ ಬಂದರು. ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಅವರೂ ಕೊನೆಗೆ ಜರ್ಮನಿಗೆ ಮರಳಿ 1903ರಲ್ಲಿ ಅಲ್ಲೇ ತೀರಿಕೊಂಡರು. ಅವರನ್ನು ನಾವು ನೆನೆಯುವುದು ವರ್ಷಗಳ ಲೆಕ್ಕಕ್ಕಲ್ಲ. ಹೇಳಲು ಬಂದವರು ಕೇಳಲು ಕೂತರು, ಇಲ್ಲಿಯವರ ಮಾತನ್ನು ಒಂದೊಂದಾಗಿ ಬರೆದುಕೊಂಡರು. ಅದಕ್ಕೆ.

ನಂಬಿಕೆ ಅಂದರೆ ದೇವರ ಮೇಲಿನ ನಂಬಿಕೆ ಎಂದಷ್ಟೇ ಮನೆಯಲ್ಲಿ ಕಲಿಸಿದ್ದರು. ಸಮಾರ್ಯದವನು ಗಾಯಾಳುವನ್ನೂ ಹಣವನ್ನೂ ಛತ್ರದವನ ಕೈಗೆ ಒಪ್ಪಿಸಿದ. ಛತ್ರದವನು ದಾರಿಹೋಕ ಮರಳಿ ಬಂದಾನೆಂದು ನಂಬಿದ. ಇಬ್ಬರಿಗೂ ಬರಹದ ಭರವಸೆ ಇರಲಿಲ್ಲ. ದೇವರ ಮೇಲಿನ ನಂಬಿಕೆಗೆ ಮನುಷ್ಯನ ಮೇಲಿನ ಈ ನಂಬಿಕೆಯ ನೆಲ ಇಲ್ಲದಿದ್ದರೆ ಅದು ನಿಲ್ಲುವುದೆಲ್ಲಿ?

ಹೋದವರಲ್ಲಿ ಒಬ್ಬ ಹುಡುಗಿ ಆರು ತಿಂಗಳಿಗೊಮ್ಮೆ ಫೋನು ಮಾಡುತ್ತಾಳೆ. ಮೊದಲ ಮಾತು ಕ್ಷೇಮ, ಎರಡನೆಯದು "ಬಾಕಿ ಎಷ್ಟು?" ಅಚ್ಚಿನ ಖರ್ಚು, ಬಸ್ ಚಾರ್ಜು ಹೇಳುತ್ತೇನೆ. ಅವಳು ಕಳಿಸುತ್ತಾಳೆ. ಚಾಪೆಯ ಬಾಡಿಗೆ ಎಷ್ಟೆಂದು ಆಯಾಳನ್ನು ಕೇಳಿದರೆ ಆಕೆ ಬೈಯುತ್ತಾಳೆ. ಆ ಲೆಕ್ಕ ಮಾತ್ರ ಹಾಗೇ ಬಾಕಿ ಉಳಿದಿದೆ.

ಊರು ಬಿಟ್ಟು ಬಂದ ನಾವೆಲ್ಲ ಒಮ್ಮೆ ದಾರಿಹೋಕರು, ಒಮ್ಮೆ ಛತ್ರದವರು. ಎಷ್ಟು ದಿನ ಇರ್ತೀರಿ ಅನ್ನುವುದು ಸಣ್ಣ ಪ್ರಶ್ನೆ. ನೀವು ಹೋದ ಮೇಲೆ ಬಾಗಿಲು ತೆರೆಯುವವರ ಹೆಸರು ನಿಮಗೆ ಗೊತ್ತೇ ಅನ್ನುವುದು ದೊಡ್ಡದು.