ರಕ್ತಪರೀಕ್ಷೆ ಮತ್ತು ಆತ್ಮಪರೀಕ್ಷೆ



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆಯ ಹೊಗೆಸೊಪ್ಪಿನ ರೈತನಿಗೆ ಪರೀಕ್ಷೆ ಹೊಸದಲ್ಲ. ರಾತ್ರಿಯಿಡೀ ಎದ್ದು ಬ್ಯಾರನ್ನಿನ ಶಾಖ ನೋಡುತ್ತಾನೆ; ಹರಾಜಿಗೆ ಮುಂಚೆ ಎಲೆಯೆಲೆಯನ್ನೂ ವಿಂಗಡಿಸುತ್ತಾನೆ. ಆದರೆ ರಕ್ತ ಪರೀಕ್ಷೆ ಮಾಡಿಸಿಕೋ ಎಂದರೆ, "ಏನಾದರೂ ಇದೆ ಅಂದುಬಿಟ್ಟರೆ ಏನು ಗತಿ ಫಾದರ್?" ಎನ್ನುತ್ತಾನೆ.

ಈ ಭಯ ಹಳೆಯದು. ಆದಾಮನೂ ಮರಗಳ ಮರೆಯಲ್ಲಿ ಅಡಗಿದ್ದ. ದೇವರು ಅವನನ್ನು ಕರೆದದ್ದು ತಿಳಿಯದೆ ಅಲ್ಲ. ಅವನೇ ಬಾಯಿಬಿಟ್ಟು ಹೇಳಲಿ ಎಂದು.

ಕೊಲೆಸ್ಟರಾಲ್ ಏರಿದರೆ ನೋವಿಲ್ಲ, ಜ್ವರವಿಲ್ಲ. ಎಲ್‌ಡಿಎಲ್ ಎಂಬ ಕೊಬ್ಬು ವರ್ಷಗಟ್ಟಲೆ ಸದ್ದಿಲ್ಲದೆ ರಕ್ತನಾಳದ ಗೋಡೆಯಲ್ಲಿ ಸೇರಿಕೊಳ್ಳುತ್ತದೆ. ಲಿಪಿಡ್ ಪರೀಕ್ಷೆ ಅದನ್ನು ಅಳೆಯುತ್ತದೆ. ಇನ್ನೊಂದು ಪರೀಕ್ಷೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ. ಆದರೆ ನಾವು ಬೀಡಿ ಸೇದುತ್ತೇವೆಯೇ, ನಮ್ಮ ತಂದೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತದಿಂದ ತೀರಿಕೊಂಡರೇ ಎಂಬುದು ಆ ಚೀಟಿಯಲ್ಲಿರುವುದಿಲ್ಲ. ವಯಸ್ಸು, ರಕ್ತದೊತ್ತಡಗಳೊಂದಿಗೆ ಇವನ್ನೂ ಕೂಡಿಸಿಯೇ ವೈದ್ಯರು ಅಪಾಯವನ್ನು ಅಂದಾಜು ಮಾಡುತ್ತಾರೆ. ಪಾಪನಿವೇದನೆಯಲ್ಲಿ ಹೇಗೋ ಇಲ್ಲಿಯೂ ಹಾಗೆಯೇ: ಮುಚ್ಚಿಟ್ಟರೆ ಮದ್ದು ದಾರಿ ತಪ್ಪುತ್ತದೆ.

ಹಾಗೆಂದು ರೋಗವೆಲ್ಲ ನಮ್ಮ ತಪ್ಪಿನ ಫಲವಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿ, ಹಳೆಯ ಹೆರಿಗೆ ದಾಖಲೆಗಳೊಂದಿಗೆ ಹೋಲಿಸಿ ನೋಡಲಾಯಿತು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ, ಅದರಲ್ಲೂ ಬಡಕಲು ತಾಯಂದಿರ ಮಕ್ಕಳಲ್ಲಿ, ಹೃದ್ರೋಗ ಹೆಚ್ಚಾಗಿತ್ತೆಂದು 1996ರಲ್ಲಿ ಪ್ರಕಟವಾಯಿತು. ಹುಟ್ಟುಕುರುಡನನ್ನು ಕಂಡು ಯಾರ ಪಾಪವಿದು ಎಂದು ಶಿಷ್ಯರು ಕೇಳಿದಾಗ, ಯೇಸುಸ್ವಾಮಿ ಅವನನ್ನೂ ದೂರಲಿಲ್ಲ, ಹೆತ್ತವರನ್ನೂ ದೂರಲಿಲ್ಲ, ಗುಣಪಡಿಸಿದರು. ಆದ್ದರಿಂದ ರೋಗಿಗೆ ನಾಚಿಕೆ ಬೇಡ. ಮನೆಯ ಬಸುರಿಯ ತಟ್ಟೆಗೆ ಮೊದಲು ಬಡಿಸಿರಿ.

ಕೊನೆಗೆ ಒಂದು ಕಹಿ ಮಾತು. ನಮ್ಮ ಹೊಲದ ಎಲೆ ಹೊಗೆಯಾಗಿ ಯಾರದೋ ಎದೆ ಸೇರುತ್ತದೆ. ಸಾಲ ತೀರಿಸಲು ಬೆಳೆಯುವವನನ್ನು ನಾನು ನಿಂದಿಸಲಾರೆ. ಅವನ ಒಲೆ ಉರಿಯುವುದು ಅದರಿಂದಲೇ. ಆದರೂ ಬೇರೆ ಬೆಳೆಯ ಮಾತು ಮನೆಯಲ್ಲಿ ಒಮ್ಮೆಯಾದರೂ ಬರಲಿ. ಅದು ಆತ್ಮಪರೀಕ್ಷೆ.

ದೇಹವು ಪವಿತ್ರಾತ್ಮರ ಆಲಯವೆಂದು ಸಂತ ಪೌಲರು ಕಲಿಸಿದರು. ಈ ವಾರ ಗಂಡಹೆಂಡತಿ ಜೊತೆಯಾಗಿ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿರಿ. ಚೀಟಿಯನ್ನು ಜೇಬಿನಲ್ಲಿ ಮಡಚಿಡದೆ ವೈದ್ಯರ ಮುಂದೆ ಬಿಚ್ಚಿಡಿರಿ. ನಮ್ಮನ್ನು ಹುಡುಕಿಕೊಂಡು ಬರುವ ದೇವರು ನಿಮಗೆ ಆ ಧೈರ್ಯವನ್ನು ದಯಪಾಲಿಸಲಿ.