ಕಾಯುವುದೂ ಒಂದು ಕರ್ಮವೇ



ಸನ್ನಿಧಾನಕ್ಕೆ ಬರುವ ಹಿರಿಯರು ನಮ್ಮ ತೀರ್ಥರೂಪರನ್ನು ಈಚೆಗೆ ಪದೇ ಪದೇ ಕೇಳುವ ಪ್ರಶ್ನೆಯೊಂದುಂಟು. “ಸೊಸೆಗೆ ದಿನ ತುಂಬಿದೆ, ನೋವು ಬಂದಿಲ್ಲ. ಔಷಧದಿಂದ ನೋವು ಬರಿಸೋಣವೆಂದು ವೈದ್ಯರು ಹೇಳುತ್ತಾರೆ. ಭಗವಂತನಿತ್ತ ಗಳಿಗೆಗೆ ನಾವು ಕೈಹಾಕಬಹುದೇ?” ಮತ್ತೆ ಕೆಲವರು, “ಹೇಗೂ ಬರಿಸುವುದಾದರೆ ಒಳ್ಳೆಯ ನಕ್ಷತ್ರ ನೋಡಿಕೊಡಿ” ಎನ್ನುತ್ತಾರೆ.

ಕಳೆದ ವರ್ಷ ಈ ಪ್ರಶ್ನೆ ನಮ್ಮ ಮನೆಯ ಹೊಸ್ತಿಲನ್ನೇ ದಾಟಿ ಬಂದಿತು. ನಮ್ಮ ಧರ್ಮಪತ್ನಿಗೆ 41 ವಾರಗಳು ತುಂಬಿದ್ದವು. ತಾಯಿಯವರು, “ನನ್ನ ಯಾವ ಹೆರಿಗೆಗೂ ಔಷಧ ಬೇಕಾಗಲಿಲ್ಲ; ದೇವರು ಬಿಡಿಸಿದಾಗ ಆಗಲಿ” ಎಂದರು. ನಾವೂ “ಹರೀಚ್ಛೆ” ಎಂದು ತಲೆಯಾಡಿಸಿದೆವು. ಆಗ ಆಕೆ ಕೇಳಿದ ಮಾತು ಇಂದಿಗೂ ಮನಸ್ಸಿನಲ್ಲಿದೆ: “ಔಷಧ ತೆಗೆದುಕೊಂಡರೆ ಅದು ನಮ್ಮ ಇಚ್ಛೆ, ಸುಮ್ಮನಿದ್ದರೆ ಮಾತ್ರ ಹರಿಯ ಇಚ್ಛೆಯೇ?”

ನಮ್ಮ ಸಿದ್ಧಾಂತದಲ್ಲಿ ಸ್ವತಂತ್ರನು ಶ್ರೀಹರಿಯೊಬ್ಬನೇ. ಆದರೂ ಜೀವನಿಗೆ ಕರ್ತೃತ್ವವೇ ಇಲ್ಲವೆಂದು ಆಚಾರ್ಯರು ಹೇಳಲಿಲ್ಲ, ಅದು ಪರಾಧೀನವೆಂದರು. ಕರ್ತೃತ್ವವಿಲ್ಲದಿದ್ದರೆ ವಿಧಿನಿಷೇಧಗಳಿಗೆ ಅರ್ಥವೆಲ್ಲಿ? ಮಾಡುವುದು ಹರಿಯ ಅಧೀನವಾದಂತೆ ಮಾಡದೆ ಇರುವುದೂ ಅವನ ಅಧೀನವೇ. ಕಾಯುವುದೂ ನಾವು ಆಯ್ದುಕೊಂಡ ಕರ್ಮ. ಅದರ ಹೊಣೆಯನ್ನು ದೇವರ ಹೆಸರಿನಲ್ಲಿ ಕಳಚಿಕೊಳ್ಳಲಾಗದು. ನಮ್ಮ ಅಳುಕಿಗೆ ಹರೀಚ್ಛೆಯೆಂಬ ಹೊದಿಕೆ ಹೊದಿಸಿದ್ದೆವೆಂದು ಅಂದು ನಾಚಿದೆವು.

ಹೊಣೆ ನಮ್ಮದಾದಮೇಲೆ ತಿಳಿವಳಿಕೆಯೂ ನಮ್ಮ ಕರ್ತವ್ಯವಾಗುತ್ತದೆ. ತುಂಬುಗರ್ಭವೆಂದರೆ 40 ವಾರ, ಎಂದರೆ ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನಗಳು. ತಕ್ಕ ಕಾರಣವಿಲ್ಲದೆ 39 ವಾರಕ್ಕೆ ಮುಂಚೆ ಹೆರಿಗೆ ಮಾಡಿಸಿದರೆ ಶಿಶುವಿಗೆ ಉಸಿರಾಟದ ತೊಂದರೆಯ ಸಂಭವ ಹೆಚ್ಚು. 41 ದಾಟಿ ಕಾಯುತ್ತ ಹೋದಂತೆ ಗರ್ಭದಲ್ಲೇ ಶಿಶು ತೀರಿಹೋಗುವ ಅಪಾಯ, ಅಲ್ಪವಾದರೂ, ಏರುತ್ತದೆ. ಸ್ವೀಡನ್ನಿನಲ್ಲಿ ಸುಮಾರು 2,760 ಗರ್ಭಿಣಿಯರಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 42 ವಾರದವರೆಗೆ ಕಾದವರ ಗುಂಪಿನಲ್ಲಿ 6 ಶಿಶುಗಳು ತೀರಿಕೊಂಡವು. 41ಕ್ಕೆ ನೋವು ಬರಿಸಿದವರಲ್ಲಿ ಒಂದೂ ಇಲ್ಲ. ಅಧ್ಯಯನವನ್ನು ನಡುವೆಯೇ ನಿಲ್ಲಿಸಿದರು. ಶಸ್ತ್ರಚಿಕಿತ್ಸೆಯ ಹೆರಿಗೆಗಳೂ ಅದರಿಂದ ಹೆಚ್ಚಲಿಲ್ಲ. ಆದರೆ ಔಷಧದಿಂದ ಬರುವ ನೋವು ಹೆಚ್ಚು ತೀವ್ರವಾಗಿರಬಹುದು, ಹೆರಿಗೆ ದಿನಗಟ್ಟಲೆ ಎಳೆಯಲೂಬಹುದು. ಅದನ್ನು ಅನುಭವಿಸುವವಳು ತಾಯಿ. ಆದುದರಿಂದ ವೈದ್ಯರು ವಿವರಿಸಲಿ, ಹಿರಿಯರು ಧೈರ್ಯ ಹೇಳಲಿ. ಕೊನೆಯ ಮಾತು ಆಕೆಯದಾಗಿರಲಿ.

ನಕ್ಷತ್ರಕ್ಕಾಗಿ ನೋವು ಬರಿಸುವುದು ಮಾತ್ರ ನಮಗೆ ಸಮ್ಮತವಲ್ಲ. ಶಿಶುವಿನ ಕ್ಷೇಮಕ್ಕಾಗಿ ಮಾಡುವುದು ಒಂದು, ಜಾತಕಕ್ಕಾಗಿ ಮಾಡುವುದು ಮತ್ತೊಂದು. ಔಷಧವು ನೋವನ್ನು ತರಬಲ್ಲದೇ ಹೊರತು ಗಳಿಗೆಯನ್ನು ಗೊತ್ತುಮಾಡಲಾರದು.

ನಮ್ಮಾಕೆ ಔಷಧಕ್ಕೆ ಒಪ್ಪಿದಳು. ಒಂದೂವರೆ ದಿನದ ನೋವಿನ ಬಳಿಕ ಮಗು ಹುಟ್ಟಿದ್ದು ಹಿರಿಯರು ಅಂಜುವ ಮೂಲಾ ನಕ್ಷತ್ರದಲ್ಲಿ! ತೀರ್ಥರೂಪರು ಒಂದು ಮಾತೂ ಆಡದೆ ಶಾಂತಿ ಮಾಡಿಸಿ, ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಈಗ ಯಾರಾದರೂ ಪಂಚಾಂಗ ಹಿಡಿದು ಬಂದರೆ ಅವರು ಮೊದಲು ಕೇಳುವುದು ಇಷ್ಟೇ: “ಹುಡುಗಿ ಏನು ಹೇಳುತ್ತಾಳೆ?”

ಶ್ರೀಕೃಷ್ಣಾರ್ಪಣಮಸ್ತು.